ಹನ್ನೆರಡು ಚೌಕಗಳ ಪರದೆ

೧೧ ಜೂನ್ ೨೦೨೪, ಮಂಗಳವಾರ

ಬೋರ್ಡು ಮತ್ತು ಪರದೆ ಇಂದು ಬಂದವು. ಬೋರ್ಡು ಅಂಗೈಗಿಂತ ಚಿಕ್ಕದು. ಇಷ್ಟರೊಳಗೆ ಇಡೀ ಒಂದು ಕಂಪ್ಯೂಟರ್ ಇದೆ ಎಂದರೆ ನಾನು ಐಟಿಐಗೆ ಮಾಸ್ತರನಾಗಿ ಸೇರಿದ ಕಾಲದಲ್ಲಿ ಯಾರೂ ನಂಬುತ್ತಿರಲಿಲ್ಲ. ಪರದೆ ಏಳಿಂಚಿನದು, ಬೆರಳು ತಾಗಿಸಿದರೆ ಕೆಲಸ ಮಾಡುವಂಥದ್ದು. ಎರಡನ್ನೂ ಜೋಡಿಸಬೇಕು, ಪರದೆಯ ಮೇಲೆ ಹನ್ನೆರಡು ಚೌಕ ಮಾಡಿ ಹನ್ನೆರಡು ಚಿತ್ರ ಇಡಬೇಕು, ಪ್ರತಿ ಚಿತ್ರಕ್ಕೂ ಒಂದು ಮಾತು ತುಂಬಬೇಕು. ಮಾದೇವಿ ಚಿತ್ರ ಮುಟ್ಟಿದರೆ ಯಂತ್ರ ಅವಳ ಪರವಾಗಿ ಮಾತಾಡಬೇಕು. ಇಷ್ಟೇ ಕೆಲಸ.

ಈ ನೋಟ್‌ಬುಕ್ಕು ಈ ಕೆಲಸದ ದಾಖಲೆಗೆ. ಮೂವತ್ತೊಂದು ವರ್ಷ ಹುಡುಗರಿಗೆ ಆ ದಿನದ ಕೆಲಸ ಆ ದಿನವೇ ಬರೆದಿಡಿ ಎಂದು ಹೇಳಿದವನು ತಾನೇ ಬರೆಯದಿದ್ದರೆ ಹೇಗೆ.

ದಾಖಲೆಗಾಗಿ ಹಿನ್ನೆಲೆ. ನಾನು ಮಾದೇವಿ ಎಂದೂ ಓಣಿಯವರು ಮಹಾದೇವಕ್ಕ ಎಂದೂ ಕರೆಯುವ ನನ್ನ ಹೆಂಡತಿ ಮಹಾದೇವಿಗೆ ಫೆಬ್ರವರಿ ಒಂಬತ್ತರಂದು ಲಕ್ವಾ ಹೊಡೆಯಿತು. ಬಲಗೈ ಎತ್ತಲಾಗದು, ಬಲಗಾಲು ಎಳೆಯುತ್ತಾಳೆ. ತಿಳಿಯುವುದೆಲ್ಲ ತಿಳಿಯುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಮೊದಲ ತಿಂಗಳು ಒಂದೆರಡು ಶಬ್ದ ಬರುತ್ತಿದ್ದವು, ಅವೂ ತಪ್ಪು. ಚಹಾ ಬೇಕಾದರೆ ಚಪ್ಪಲಿ ಎನ್ನುತ್ತಿದ್ದಳು. ನೋಡಲು ಬಂದವರಿಗೆ ಅದನ್ನು ಹೇಳಿದರೆ ಎಲ್ಲರೂ ನಗುತ್ತಿದ್ದರು. ತಿಳವಳ್ಳಿಯಿಂದ ಬಂದ ಅವಳ ತಮ್ಮ ಸಂಜಯನಂತೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ರೋಗವಿದ್ದ ಮನೆಯಲ್ಲಿ ಸ್ವಲ್ಪ ನಗುವೂ ಬೇಕು. ಮಾರ್ಚ್ ಕೊನೆಗೆ ಆ ಶಬ್ದಗಳೂ ನಿಂತವು. ಈಗ ಏನೂ ಇಲ್ಲ.

ಶಿಗ್ಗಾವಿಗೆ ತಿಂಗಳಲ್ಲಿ ಎರಡು ಶನಿವಾರ ಹುಬ್ಬಳ್ಳಿಯಿಂದ ಮಾತು ಕಲಿಸುವ ಮೇಡಂ ಒಬ್ಬರು ಬರುತ್ತಾರೆ. ಎರಡು ಸಲ ಕರೆದೊಯ್ದೆ. ಬಾಳೆಹಣ್ಣಿನ ಚಿತ್ರ ತೋರಿಸಿ ಇದೇನು ಎಂದು ಕೇಳುವುದು, ಉತ್ತರ ಬರುವವರೆಗೂ ಸುಮ್ಮನೆ ಕೂರುವುದು. ಅಂಗನವಾಡಿ ಪಾಠ. ನಾನು ಪಕ್ಕದಿಂದ ಹೇಳಿಕೊಟ್ಟರೆ ಮೇಡಂಗೆ ಸಿಟ್ಟು. ಬಿಟ್ಟುಬಿಟ್ಟೆ.

ಮಗಳು ಅಂಕಿತಾ ಮೊಬೈಲಿನಲ್ಲೇ ಇಂಥ ಆ್ಯಪ್ ಇರುತ್ತವೆ ಅಂದಳು. ಅವಳು ಹಿರೇಕೆರೂರಿನ ಹೈಸ್ಕೂಲಿನಲ್ಲಿ ಟೀಚರು, ರವಿವಾರ ಮಾತ್ರ ಬರುತ್ತಾಳೆ. ಒಂದನ್ನು ಹಾಕಿ ನೋಡಿದ್ದಾಯಿತು. ಮಾದೇವಿಯ ಎಡಗೈ ನಡುಗುತ್ತದೆ, ಬೆರಳು ಜಾರಿ ಇನ್ನೆಲ್ಲೋ ಹೋಗುತ್ತದೆ. ಚಿತ್ರ ಸಣ್ಣವು. ಅದರ ಕನ್ನಡ ಯಾವ ಊರಿನದೋ. ನನ್ನ ಹಳೆಯ ವಿದ್ಯಾರ್ಥಿ ಮುಬಶೀರ, ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, "ಸರ, ಒಂದು ಟ್ಯಾಬ್ ತಗೊಂಡ್ರ ಆಗಿಹೋಗ್ತೈತ್ರಿ" ಅಂದ. ಕೊಂಡು ತರುವುದಾದರೆ ನಾನು ಕಲಿಸಿದ್ದು ಏನಕ್ಕೆ.

ಮಾದೇವಿಗೆ ಏನು ಬೇಕು ಎಂಬುದು ನನಗಿಂತ ಯಾರಿಗೆ ಗೊತ್ತು. ಪಟ್ಟಿ ಹತ್ತು ನಿಮಿಷದಲ್ಲಿ ಮುಗಿಯಿತು: ನೀರು, ಚಹಾ, ಊಟ, ಗುಳಿಗೆ, ಬಚ್ಚಲು, ಫ್ಯಾನು, ಹೊದಿಕೆ, ಟಿವಿ, ಮಲಗುವುದು, ಏಳುವುದು, ನೋವು, ಪೂಜೆ.

೧೪ ಜೂನ್, ಶುಕ್ರವಾರ

ಮೂರು ದಿನವಾಯಿತು. ಪರದೆ ಕಪ್ಪು.

ಬೋರ್ಡಿನಿಂದ ಪರದೆಗೆ ಹೋಗುವುದು ಕಾಗದದಷ್ಟು ತೆಳುವಾದ ಪಟ್ಟಿಯಂಥ ಕೇಬಲ್. ಎರಡೂ ತುದಿಗೆ ಉಗುರಿನಷ್ಟು ಕರಿ ಕ್ಲಿಪ್. ಅದನ್ನು ಎತ್ತಿ, ಪಟ್ಟಿ ಸೇರಿಸಿ, ಮತ್ತೆ ಒತ್ತಬೇಕು. ಇಪ್ಪತ್ತು ಸಲ ಮಾಡಿದೆ. ಕರೆಂಟು ಹರಿಯುತ್ತಿದೆ, ಬೋರ್ಡಿನ ಹಸಿರು ದೀಪ ಮಿಣುಕುತ್ತಿದೆ, ಪರದೆಗೆ ಜೀವವಿಲ್ಲ. ಕೆಟ್ಟ ಮಾಲು ಕಳಿಸಿದ್ದಾರೆ. ಮಾರಿದವರಿಗೆ ಉದ್ದದ ಪತ್ರ ಬರೆದು ಕಳಿಸಿದೆ. ಮೋಸ ಎಂಬ ಶಬ್ದವನ್ನು ಎರಡು ಸಲ ಬಳಸಿದ್ದೇನೆ.

ಕೆಲಸ ಮುಬಶೀರನ ಅಂಗಡಿಯಲ್ಲೇ. ಅವನ ಹತ್ತಿರ ಭೂತಗನ್ನಡಿ, ಸಣ್ಣ ಚಿಮಟ ಎಲ್ಲ ಇವೆ. ಬೆಳಿಗ್ಗೆ ಹನ್ನೊಂದೂವರೆಗೆ ಹೋದರೆ ನಾಲ್ಕಕ್ಕೆ ಮನೆ. ಅಷ್ಟು ಹೊತ್ತು ಪಕ್ಕದ ಮನೆಯ ಮಾಬೂಬಿ ಬಂದು ಮಾದೇವಿಯ ಹತ್ತಿರ ಕೂರುತ್ತಾಳೆ. ಹಳೆ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯುವ ಹೆಂಗಸು, ಹೊಲಿಗೆ ಇಲ್ಲಿಗೇ ತರುತ್ತಾಳೆ.

೧೫ ಜೂನ್, ಶನಿವಾರ

ಪಟ್ಟಿಯನ್ನು ಮಗ್ಗುಲು ಬದಲಿಸಿ ಹಾಕಿದ್ದೆ. ತಿರುವಿ ಹಾಕಿದೊಡನೆ ಪರದೆ ಬೆಳಗಿತು.

ಮುಬಶೀರನಿಗೆ ಕೇಬಲಿನಲ್ಲೇ ದೋಷವಿತ್ತು ಎಂದೆ. ಅವನು "ಹೌದೇನ್ರಿ ಸರ" ಅಂದ, ಅಷ್ಟೇ.

೨೩ ಜೂನ್, ರವಿವಾರ

ಹನ್ನೆರಡು ಮಾತೂ ನನ್ನ ದನಿಯಲ್ಲೇ ಮುದ್ರಿಸಿದೆ. ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿ ಇದು.

ಅಂಕಿತಾ ಬಂದವಳು ಕೇಳಿ ಮುಖ ಸಣ್ಣ ಮಾಡಿದಳು.

"ಅಪ್ಪಾ, ಅವ್ವ ಮಾತಾಡೂದು ನಿಮ್ಮ ದನಿಯಾಗೇನ್ರಿ?"

"ಸ್ಪಷ್ಟ ಐತಿಲ್ಲ?"

"ಸ್ಪಷ್ಟ ಐತ್ರಿ. ಆದ್ರ ಹೆಣ್ಮಗಳ ದನಿ ಇದ್ರ ಚಲೋ. ನಾ ಹೇಳಲೇನು, ಇಲ್ಲಾ ಮಾಬೂಬಿ ಚಿಗವ್ವ ಹೇಳ್ತಾಳು."

"ಮೊದಲ ಕೆಲಸ ಆಗ್ಲಿ. ದನಿ ಆಮ್ಯಾಲೆ ನೋಡೂಣು."

ಮಾದೇವಿ ಮಂಚದ ಮೇಲಿಂದ ಇಬ್ಬರನ್ನೂ ನೋಡುತ್ತಿದ್ದಳು. ಅವಳಿಗೆ ಯಂತ್ರ ನೋಡಿ ಸಂತೋಷವಾಗಿದೆ.

೨೭ ಜೂನ್, ಗುರುವಾರ

ಮನೆಗೆ ತಂದೆ. ಮರದ ಚೌಕಟ್ಟು ಬಡಿಗೇರನ ಹತ್ತಿರ ಮಾಡಿಸಿದ್ದೆ. ವೈರಿನ ತುದಿ ಕೆಳಗೆ ಬಂದರೆ ನಿಲ್ಲಿಸಲು ಬರುವುದಿಲ್ಲ ಎಂದು ಪರದೆಯನ್ನು ತಲೆಕೆಳಗು ಕೂರಿಸಿ, ಪ್ರೋಗ್ರಾಮಿನಲ್ಲಿ ಚಿತ್ರವನ್ನು ನೆಟ್ಟಗೆ ಮಾಡಿಕೊಂಡೆ. ಸಂಜಯನೂ ಬಂದಿದ್ದ. ಮಾದೇವಿಯ ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಪರದೆ ಇಟ್ಟೆ.

"ಏನ ಬೇಕು ಅದನ್ನ ಮುಟ್ಟು" ಎಂದೆ.

ಎಡಗೈ ಎತ್ತಿ ಮುಟ್ಟಿದಳು. ಯಂತ್ರ "ನನಗ ದೇವರ ಪೂಜಿ ಮಾಡಬೇಕು" ಎಂದಿತು. ಸಂಜಯ "ಅಕ್ಕಗ ಭಕ್ತಿ ಹೆಚ್ಚಾಗೇತಿ" ಎಂದು ನಕ್ಕ. ದೇವರ ಜಗಲಿಯ ಮುಂದೆ ದೀಪ ಹಚ್ಚಿ ಅವಳನ್ನು ಅತ್ತ ತಿರುಗಿಸಿ ಕೂರಿಸಿದೆ. ತಲೆ ಅಲ್ಲಾಡಿಸಿ ಮತ್ತೆ ಮುಟ್ಟಿದಳು. "ನನಗ ನೋವ ಆಗಾಕತ್ತೈತಿ." ಎಲ್ಲಿ ಎಂದು ಕೇಳಿದೆ. ತಲೆ ಅಲ್ಲಾಡಿಸಿದಳು. ನೋವಿನ ಗುಳಿಗೆ ಕೊಟ್ಟೆ, ಬಾಯಿ ಬಿಗಿ ಹಿಡಿದಳು. ಬಿಡಿಸಿ ನುಂಗಿಸಬೇಕಾಯಿತು. ಮೂರನೆಯ ಸಲ ಮತ್ತೆ ಪೂಜೆ.

"ಸರಿಯಾಗಿ ನೋಡಿ ಮುಟ್ಟು. ಹನ್ನೆರಡ ಚಿತ್ರ ಅದಾವು, ಅಷ್ಟೂ ತಿಳಿಯಂಗಿಲ್ಲೇನು?"

ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟಳು. ಇಷ್ಟು ದಿನ ದುಡಿದದ್ದಕ್ಕೆ ಇದು.

೨೮ ಜೂನ್, ಶುಕ್ರವಾರ

ಚಿತ್ರವನ್ನು ತಿರುಗಿಸಿದ್ದೆ, ಸ್ಪರ್ಶವನ್ನು ತಿರುಗಿಸಿರಲಿಲ್ಲ. ಕಣ್ಣಿಗೆ ಒಂದು, ಬೆರಳಿಗೆ ಅದರ ಎದುರು ಮೂಲೆಯದು. ಎರಡಕ್ಕೂ ಬೇರೆ ಬೇರೆ ಆದೇಶ ಬರೆಯಬೇಕಿತ್ತು. ಒಂದು ಸಾಲು ಸೇರಿಸಿದೆ, ಸರಿಯಾಯಿತು.

ನಿನ್ನೆ ಅವಳು ಮುಟ್ಟಿದ್ದು ನೀರು. ಆಮೇಲೆ ಚಹಾ. ಆಮೇಲೆ ಮತ್ತೆ ನೀರು.

ದೋಷ ನಿವಾರಣೆಯಾದ ಮೇಲೆ ಅದನ್ನು ಎತ್ತಿ ಆಡುವುದರಲ್ಲಿ ಅರ್ಥವಿಲ್ಲ. ಅವಳಿಗೆ ಹೇಳಲಿಲ್ಲ. ಬೆಳಿಗ್ಗೆ ಕೇಳುವ ಮುಂಚೆಯೇ ಚಹಾ ಮಾಡಿಕೊಟ್ಟೆ.

೬ ಜುಲೈ, ಶನಿವಾರ

ಯಂತ್ರ ಚೆನ್ನಾಗಿ ನಡೆಯುತ್ತಿದೆ. ಬೆರಳು ನಡುಗಿ ಎರಡು ಸಲ ತಾಗಿದರೂ ಒಂದೇ ಸಲ ಮಾತಾಡುವಂತೆ ಮಾಡಿದ್ದೇನೆ. ಓಣಿಯವರೆಲ್ಲ ಬಂದು ನೋಡಿ ಹೋದರು. ಮುಬಶೀರ ವಿಡಿಯೊ ಮಾಡಿ ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಹಾಕಿದ, ಸವಣೂರಿನಿಂದ ಒಬ್ಬ ಫೋನ್ ಮಾಡಿ ತನ್ನ ತಾಯಿಗೂ ಇಂಥದ್ದು ಮಾಡಿಕೊಡುತ್ತೀರಾ ಎಂದು ಕೇಳಿದ. ಮಾದೇವಿ ಬೆಳಿಗ್ಗೆ, ಸಂಜೆ ಮುಟ್ಟುತ್ತಾಳೆ, ನಾನು ಓಡುತ್ತೇನೆ. ಐದು ತಿಂಗಳ ನಂತರ ಮನೆಯಲ್ಲಿ ಮತ್ತೆ ಮಾತುಕತೆ ಇದೆ.

ಒಂದು ಸುಧಾರಣೆ: ಯಾವ ಚೌಕವನ್ನು ಎಷ್ಟು ಗಂಟೆಗೆ ಮುಟ್ಟಿದರು ಎಂಬುದನ್ನು ಯಂತ್ರವೇ ಬರೆದಿಟ್ಟುಕೊಳ್ಳುವಂತೆ ಮಾಡಿದೆ. ಶಿಗ್ಗಾವಿಯ ಆ ಮೇಡಂ ಬಳಿ ಇಂಥ ಲೆಕ್ಕ ಇರಲಾರದು.

೧೬ ಜುಲೈ, ಮಂಗಳವಾರ

ಹತ್ತು ದಿನದ ದಾಖಲೆ ತೆಗೆದು ನೋಡಿದೆ. ಒಂದು ವಿಚಿತ್ರ. ಬೆಳಿಗ್ಗೆ ಹನ್ನೊಂದೂವರೆಯವರೆಗೆ ಮುಟ್ಟಿದ್ದಿದೆ, ಸಂಜೆ ನಾಲ್ಕರ ನಂತರ ಇದೆ. ನಡುವೆ, ನಾನು ಎಂದಿನಂತೆ ಮುಬಶೀರನ ಅಂಗಡಿಯಲ್ಲಿರುವ ಹೊತ್ತಿನಲ್ಲಿ, ಹತ್ತು ದಿನವೂ ಒಂದೇ ಒಂದು ಸಲವೂ ಇಲ್ಲ. ನಾಲ್ಕೂವರೆ ತಾಸು ಮನುಷ್ಯರಿಗೆ ನೀರು ಬೇಡವೇ, ಬಚ್ಚಲು ಬೇಡವೇ.

ಮಾಬೂಬಿ ಯಂತ್ರವನ್ನು ಕೈಗೆ ಸಿಗದ ಹಾಗೆ ಎತ್ತಿಡುತ್ತಿರಬೇಕು. ಅಥವಾ ಎದ್ದು ಮಾಡುವ ಬೇಸರಕ್ಕೆ ಬಂದ್ ಮಾಡುತ್ತಿರಬೇಕು. ಅವಳನ್ನು ಮನೆಯವಳಂತೆ ನಂಬಿದ್ದೆ. ಒಂದು ದಿನ ಹೇಳದೆ ನಡುವೆ ಬಂದು ನೋಡುತ್ತೇನೆ.

೧೮ ಜುಲೈ, ಗುರುವಾರ

ನೋಡಿದೆ.

ಇಂದು ಬರೆಯಲಾರೆ.

೧೯ ಜುಲೈ, ಶುಕ್ರವಾರ

ನಿನ್ನೆ ಒಂದೂವರೆಗೆ ಅಂಗಡಿಯಿಂದ ಎದ್ದೆ. ಸಣ್ಣಗೆ ಮಳೆ ಹನಿಯುತ್ತಿತ್ತು. ಮುಂದಿನ ಬಾಗಿಲು ಒಳಗಿಂದ ಹಾಕಿತ್ತು, ಹಿತ್ತಲಿಂದ ಬಂದೆ. ಒಳಗೆ ಮಾತು ಕೇಳಿತು. ಟಿವಿ ಅಂದುಕೊಂಡೆ.

"ಸೂ... ಸೂಜಿ."

"ಹೂಂ. ಸೂಜಿ. ಸೂಜಿ ಏನ ಮಾಡ್ಲಿ ಅಕ್ಕಾ?" ಇದು ಮಾಬೂಬಿ.

ತುಂಬ ಹೊತ್ತು ಏನೂ ಇಲ್ಲ. ಮಾಬೂಬಿ ಅವಸರ ಮಾಡಲಿಲ್ಲ. ದಾರ ಹಲ್ಲಿನಿಂದ ಕಡಿದ ಸಪ್ಪಳ ಬಂತು.

"ದಾ... ದಾರ... ಹಾಕು."

ಆಮೇಲೆ ಮಾದೇವಿ ನಕ್ಕಳು. ಮಾಬೂಬಿಯೂ ನಕ್ಕಳು. "ಇವತ್ತ ನಾಕ್ ಮಾತ ಆದುವು ನೋಡಕ್ಕಾ. ನಿನ್ನೆ ಮೂರ ಇದ್ದುವು."

ನಾನು ಬಾಗಿಲಲ್ಲಿ ನಿಂತೆ. ಕೌದಿಯ ಮೇಲೆ ಇಬ್ಬರ ನಡುವೆ ಚಿತ್ರದ ಕಾರ್ಡುಗಳು ಹರಡಿದ್ದವು. ಬಾಳೆಹಣ್ಣು, ಸೂಜಿ, ಕೊಡ, ಶಿಗ್ಗಾವಿಯ ಮೇಡಂ ಹತ್ತಿರ ನೋಡಿದಂಥವೇ. ನನ್ನ ಯಂತ್ರ ಕಿಟಕಿಯ ಕಟ್ಟೆಯ ಮೇಲೆ ಇತ್ತು, ದೂಳು ಬೀಳದಿರಲೆಂದು ಮೇಲೊಂದು ಟವೆಲ್ಲು ಹೊದಿಸಿದ್ದರು.

ಮಾದೇವಿ ತಲೆ ಎತ್ತಿ ನನ್ನನ್ನು ಕಂಡಳು. ಸ್ವಿಚ್ ಆರಿಸಿದ ಹಾಗೆ ಮುಖ ಆರಿತು. ಬಾಯಿ ಮುಚ್ಚಿತು. ಎಡಗೈ ಚಾಚಿ ಟವೆಲ್ಲು ಸರಿಸಿ ಚೌಕ ಮುಟ್ಟಿದಳು.

"ನನಗ ಚಹಾ ಬೇಕು" ಎಂದು ನನ್ನ ದನಿ ನನಗೇ ಹೇಳಿತು.

ಮಾಬೂಬಿ ಎದ್ದು ನಿಂತು, "ಅಣ್ಣಾರ, ನಾ ಹೇಳಬೇಕು ಅಂತಿದ್ದೆ" ಅಂದಳು. ನಾನು ಚಹಾಕ್ಕೆ ನೀರಿಟ್ಟೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಐದು ತಿಂಗಳು ಆ ದನಿಗಾಗಿ ಕಾದಿದ್ದೇನೆ. ಅದು ಇತ್ತು. ನನ್ನಿಂದ ಬಚ್ಚಿಟ್ಟಿದ್ದರು.

೨೧ ಜುಲೈ, ರವಿವಾರ

ಅಂಕಿತಾಳನ್ನು ಬಸ್ಸಿನಿಂದ ಇಳಿದವಳನ್ನೇ ಕೇಳಿದೆ. ಮನೆಗೆ ಹೋಗುವವರೆಗೂ ತಡೆಯಲಾಗಲಿಲ್ಲ.

"ಕಾರ್ಡ ಯಾರು ತಂದುಕೊಟ್ಟವರು?"

ಚೀಲ ಕೆಳಗಿಟ್ಟಳು. "ನಾ ತಂದೇನ್ರಿ ಅಪ್ಪಾ. ಶಿಗ್ಗಾವಿಗೆ ಹೋಗಿ ಮೇಡಂ ಕಡೆಯಿಂದ."

"ಎಂದ?"

"ಮೇ ತಿಂಗಳದಾಗ. ಮಾಬೂಬಿ ಚಿಗವ್ವನ ಮುಂದ ಅವ್ವ ಒಂದ ದಿನ ದಾರ ಅಂದ್ಳಂತ. ಅಲ್ಲಿಂದ ಶುರುವಾತು."

"ನನಗ್ಯಾಕ ಹೇಳಲಿಲ್ಲ?"

"ಅವ್ವ ಬ್ಯಾಡ ಅಂದ್ಳು."

"ಬಾಯಿ ಬರದಾಕಿ ಹೆಂಗ ಬ್ಯಾಡ ಅಂದ್ಳು?"

"ಕೈ ಮುಗದ್ಳು ಅಪ್ಪಾ. ಬಲಗೈ ಏಳೂದಿಲ್ಲಲ್ಲ, ಒಂದ ಕೈಲೆ ಮುಗದ್ಳು. ನನಗ, ಚಿಗವ್ವಗ, ಇಬ್ಬರಿಗೂ."

ನಾನು ಮಾದೇವಿಗೆ ಏನು ಮಾಡಿದ್ದೆ ಎಂದು ಕೇಳಿದೆ.

"ಚಪ್ಪಲಿ ಅಂದದ್ದನ್ನ ಎಷ್ಟ ಮಂದಿಗೆ ಹೇಳೀರಿ ನೀವು? ಬಂದವರಿಗೆಲ್ಲ. ಅಕಿ ಎದುರಿಗೇ."

"ಪ್ರೀತಿಲೆ ಹೇಳಿದ್ದೆ. ಎಲ್ಲಾರೂ ನಕ್ಕರು."

"ಅವ್ವ ನಕ್ಕಿದ್ಳೇನ್ರಿ?"

ನೆನಪು ಮಾಡಿಕೊಂಡೆ. ಸಂಜಯ ನಕ್ಕದ್ದು ನೆನಪಿದೆ. ಎದುರು ಮನೆಯವರು ನಕ್ಕದ್ದು ನೆನಪಿದೆ. ಆಗ ಮಾದೇವಿಯ ಮುಖ ಹೇಗಿತ್ತು ಎಂಬುದು ನೆನಪಿಗೆ ಬರಲಿಲ್ಲ. ನಾನು ಬಂದವರ ಕಡೆ ನೋಡುತ್ತಿದ್ದೆ.

ಇದು ನೆಪ. ತಪ್ಪಿದ್ದರೆ ಬಂದು ಹೇಳಬಹುದಿತ್ತು. "ಮತ್ತ ಈ ಯಂತ್ರ? ಒಂದೂವರೆ ತಿಂಗಳು ಇದಕ್ಕ ತಲಿ ಒಡ್ಕೊಂಡೇನಿ. ಬೇಕಾಗಿಲ್ಲ ಅಂತ ಗೊತ್ತಿದ್ದೂ ಸುಮ್ಮನ ನೋಡಿದ್ರಿ?"

"ನೀವು ಅದರಾಗ ಬಿದ್ದಿದ್ರಿ ಅಪ್ಪಾ. ಫೆಬ್ರವರಿಯಿಂದ ಊಟ ಸುದ್ದಾ ಸರಿಯಾಗಿ ಮಾಡಿರಲಿಲ್ಲ. ಬೋರ್ಡ ಬಂದಮ್ಯಾಲೆ ಒಂದೀಟ ಚೇತರಿಸ್ಕೊಂಡ್ರಿ. ನಿಮಗೂ ಏನರ ಬೇಕಾಗಿತ್ತು."

ಅಂದರೆ ಯಂತ್ರ ಮಾದೇವಿಗಾಗಿ ಇರಲಿಲ್ಲ. ಮೂವರೂ ಸೇರಿ ನನ್ನ ಕೈಗೆ ಕೊಟ್ಟ ಆಟಿಕೆ ಅದು. ಅವಳು ಬೆಳಿಗ್ಗೆ ಸಂಜೆ ಮುಟ್ಟುತ್ತಿದ್ದದ್ದು ನನ್ನ ಸಮಾಧಾನಕ್ಕೆ. ನಾನು ಓಡುತ್ತಿದ್ದೆ.

ಮಗಳನ್ನು ಅಲ್ಲೇ ಬಿಟ್ಟು ನಡೆದು ಬಂದೆ. ಪಟ್ಟಿ ಕೇಬಲ್ ಕಳಚಿ ಎಲ್ಲವನ್ನೂ ಬಂದ ಡಬ್ಬಿಯಲ್ಲೇ ತುಂಬಿದೆ.

೨೯ ಜುಲೈ, ಸೋಮವಾರ

ಬರೆಯಲು ಏನಿಲ್ಲ. ಅಡುಗೆ, ಗುಳಿಗೆ, ಬಚ್ಚಲು. ಮುಬಶೀರನ ಅಂಗಡಿಗೆ ಹೋಗುತ್ತಿಲ್ಲ. ಮಾಬೂಬಿಗೆ ಬರಬೇಡ ಎಂದೆ. ಮನೆಯಲ್ಲಿ ಈಗ ಎರಡು ಮೂಕ ಪ್ರಾಣಿ.

೩ ಆಗಸ್ಟ್, ಶನಿವಾರ

ಸಂತೆಯಿಂದ ಬಂದು ನೋಡಿದರೆ ಡಬ್ಬಿ ಮಂಚದ ಮೇಲಿತ್ತು. ಕಪಾಟಿನ ಕೆಳಗಿನ ಅರೆಯಿಂದ ಹೇಗೋ ಎಳೆದು ತಂದಿದ್ದಾಳೆ. ಕಾಲು ಎಳೆಯುವವಳು, ಒಂದು ಕೈಯವಳು. ಪಟ್ಟಿ ಕೇಬಲನ್ನು ಹಿಡಿದುಕೊಂಡು ಕೂತಿದ್ದಳು. ಹರಿದುಬಿಟ್ಟಾಳೆಂದು ಕಿತ್ತುಕೊಂಡು ನಾನೇ ಜೋಡಿಸಿದೆ. ಈ ಸಲ ಮೊದಲ ಏಟಿಗೇ ಬೆಳಗಿತು.

ಪೂಜೆಯ ಚೌಕದ ಮೇಲೆ ಬೆರಳಿಟ್ಟು ಅಳಿಸುವವಳಂತೆ ಉಜ್ಜಿದಳು.

"ಪೂಜಿ ಬ್ಯಾಡೇನು? ಬ್ಯಾರೇ ಹಾಕಲಿ?" ತಲೆಯಾಡಿಸಿದಳು. ಏನು ಹಾಕಬೇಕು. ಸ್ನಾನವೇ, ಹೂವೇ, ತಲೆ ಬಾಚುವುದೇ, ಅಂಕಿತಾಗೆ ಫೋನ್ ಮಾಡುವುದೇ, ಮಠಕ್ಕೆ ಹೋಗುವುದೇ, ಎಲೆ ಅಡಿಕೆಯೇ. ಒಂದಾದ ಮೇಲೊಂದು ಕೇಳುತ್ತ ಹೋದೆ. ಎಲ್ಲಕ್ಕೂ ಅಲ್ಲ. ಹದಿನೈದಾದವು, ಇಪ್ಪತ್ತಾದವು. ಮೂವತ್ತನಾಲ್ಕು ವರ್ಷ ಬಾಳ್ವೆ ಮಾಡಿದ ಹೆಂಡತಿಗೆ ಬೇಕಾದ ಒಂದು ಸಾಮಾನು ನನಗೆ ಹೊಳೆಯುತ್ತಿಲ್ಲ. ಸಿಟ್ಟು ಬಂತು. ಮಾಬೂಬಿಯನ್ನೇ ಕೇಳಿಕೋ ಎಂದು ಹೇಳಿ ಕುರ್ಚಿಯ ಮೇಲೆ ಕೈ ಕಟ್ಟಿ ಕೂತೆ. ಇನ್ನು ಒಂದು ಶಬ್ದ ಆಡುವುದಿಲ್ಲ ಎಂದು ನಿಶ್ಚಯಿಸಿದೆ.

ಎಷ್ಟು ಹೊತ್ತಾಯಿತೋ. ಹಾಲಿನವನು ಬಂದು ಕರೆದು ಹೋದ. ಅವಳ ತುಟಿ ಸೇರುತ್ತಿತ್ತು, ಬಿಡುತ್ತಿತ್ತು. ಕೊರಳ ನರ ಎದ್ದಿತ್ತು.

"ಬ್ಯಾ..."

ನಾನು ಸುಮ್ಮನಿದ್ದೆ, ಸಿಟ್ಟಿನಲ್ಲಿ.

"ಬ್ಯಾ... ಬ್ಯಾಡ."

ಬೇಡವೆಂದರೆ ಇಷ್ಟೆಲ್ಲ ಯಾಕೆ ಎಳೆದು ತಂದೆ ಎಂದು ಕೇಳಲು ಬಾಯಿ ತೆರೆದೆ. ಅವಳು ಬೆರಳಿನಿಂದ ಚೌಕವನ್ನು ಬಡಿದಳು, ಎರಡು ಸಲ. ಆಗ ತಿಳಿಯಿತು. ಹಾಕಬೇಕಾದ ಮಾತೇ ಅದು.

ದಾಖಲೆಗಾಗಿ: ಹನ್ನೆರಡು ಚೌಕದಲ್ಲಿ ಎಲ್ಲವೂ ಬೇಕು ಎನ್ನುವವು. ಬ್ಯಾಡ ಎನ್ನುವುದು ಒಂದೂ ಇರಲಿಲ್ಲ. ಪಟ್ಟಿ ಮಾಡುವಾಗ ಗಮನಿಸಿರಲಿಲ್ಲ.

ಅಂಗೈ ಎತ್ತಿ ಹಿಡಿದ ಚಿತ್ರ ಹಾಕಿದೆ. ಮಾತು ಮುದ್ರಿಸಲು ನಾನು ಬಾಯಿ ತೆರೆದಾಗ ಅವಳು ಮೈಕು ಹಿಡಿದ ನನ್ನ ಕೈಯನ್ನು ತನ್ನ ಕಡೆ ಎಳೆದುಕೊಂಡಳು. ಹನ್ನೊಂದನೆಯ ಸಲಕ್ಕೆ ಸರಿಯಾಗಿ ಬಂತು. ದನಿ ಒರಟಾಗಿದೆ. ಅದೇ ಇರಲಿ ಎಂದು ಸನ್ನೆ ಮಾಡಿದಳು.

ಮಾರ್ಚ್ ನಂತರ ನನಗೆ ಆಡಿದ ಮೊದಲ ಮಾತು ಬ್ಯಾಡ.

೭ ಆಗಸ್ಟ್, ಬುಧವಾರ

ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಸಂಜಯ ಬಂದಿದ್ದ. ಕಾರು ತಂದಿದ್ದ.

"ಮಾಮಾರ, ಅಕ್ಕನ್ನ ನಾಕ ದಿನ ಕಳಿಸ್ರಿ. ಉಂಡಿ ಮಾಡೇವಿ, ಎಲ್ಲಾರೂ ಸೇರ್ತೇವಿ."

"ಎಲ್ಲಿ ಬಂದಾಳಪಾ. ಅಕಿಗೆ ಆಗೂದಿಲ್ಲ. ಮೆಟ್ಟಲ ಹತ್ತಾಕ ಬರೂದಿಲ್ಲ, ಮಂದ್ಯಾಗ ಕುಂದರಾಕ ಅಕಿಗೆ ಮನಸೂ ಇಲ್ಲ. ಮುಂದಿನ ವರ್ಷ..."

"ಬ್ಯಾಡ."

ಯಂತ್ರ. ಅವಳ ದನಿ. ಸಂಜಯ ತಿರುಗಿ ನೋಡಿದ. ಬರುವುದು ಬೇಡ ಅನ್ನುತ್ತಿದ್ದಾಳೆ ನೋಡು ಎಂದು ಹೇಳಹೊರಟೆ.

"ಬ್ಯಾಡ" ಎಂದಿತು ಮತ್ತೆ. ಅವಳು ಪರದೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ನಾನು ಬಾಯಿ ಮುಚ್ಚಿದೆ. ಬಹಳ ಹೊತ್ತಿನ ಮೇಲೆ, ಯಂತ್ರ ಮುಟ್ಟದೆ, ತನ್ನ ಬಾಯಿಯಿಂದ, ತಮ್ಮನಿಗೆ ಹೇಳಿದಳು.

"ಬ... ಬರ್ತೇನಿ."

ಸಂಜಯ ಮಕ್ಕಳಂತೆ ಅತ್ತ. ಅವಳಿಗೆ ಮಾತು ಬರುತ್ತಿರುವುದು ಅವನಿಗೂ ಗೊತ್ತಿರಲಿಲ್ಲವಂತೆ, ಅಷ್ಟು ಸಮಾಧಾನ.

ಸೀರೆ ನಾನೇ ಮಡಚಿ ಕೊಟ್ಟೆ. ನನ್ನನ್ನೂ ಕರೆದರು. ಹೋಗಲಿಲ್ಲ. ಬಂದವರ ಎದುರು ಬಾಯಿ ಮುಚ್ಚಿಸಿದ ಮೇಲೆ ಯಾವ ಮುಖ ಇಟ್ಟುಕೊಂಡು ಹೋಗಲಿ. ಯಂತ್ರವನ್ನು ಇಲ್ಲೇ ಬಿಟ್ಟು ಹೋಗಿದ್ದಾಳೆ.

೯ ಆಗಸ್ಟ್, ಶುಕ್ರವಾರ

ಹಬ್ಬ. ಬೆಳಿಗ್ಗೆ ಮಾಬೂಬಿ ಬಾಗಿಲಿಗೆ ಬಂದು, "ಅಣ್ಣಾರ, ಅಕ್ಕ ಇಲ್ಲ, ಊಟಕ್ಕೇನ ಮಾಡ್ತೀರಿ" ಎಂದು ಕೇಳಿದಳು. ಆಗಿದೆ ಎಂದೆ. ಆಗಿರಲಿಲ್ಲ.

ಕೆಲಸವಿಲ್ಲದೆ ಯಂತ್ರದ ಮುಂದೆ ಕೂತು ಚೌಕ ಮುಟ್ಟುತ್ತ ಹೋದೆ. ನನಗ ನೀರು ಬೇಕು. ನನಗ ಹಾಸಿಗ್ಯಾಗ ಮಲಗಬೇಕು. ನನಗ ಬಚ್ಚಲಕ ಹೋಗಬೇಕು. ಖಾಲಿ ಮನೆಯಲ್ಲಿ ನನ್ನ ದನಿ ನನ್ನನ್ನೇ ಕೇಳುತ್ತಿತ್ತು. ಕೇಳುವ ದನಿಯಲ್ಲ ಅದು, ಹಾಜರಿ ಕೂಗುವ ದನಿ. ಕೊನೆಯ ಬೆಂಚಿನವರೆಗೆ ಕೇಳುವಂಥದ್ದು. ಹನ್ನೊಂದನ್ನೂ ಮೆಮೊರಿ ಕಾರ್ಡಿನಿಂದ ತೆಗೆದುಹಾಕಿದೆ. ಮುದ್ರಣದಲ್ಲಿ ಗರಗರ ಸಪ್ಪಳ ಇತ್ತು, ಹೇಗೂ ತೆಗೆಯಬೇಕಾಗಿತ್ತು.

ಮಧ್ಯಾಹ್ನ ಮಾಬೂಬಿ ಕೇಳದೇ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ತಂದಿಟ್ಟು ಹೋದಳು. ತಿಂದೆ. ತಾಟು ಕೊಡಲು ಹೋದಾಗ ಅಕ್ಕ ಬುಧವಾರ ಬರುತ್ತಾಳೆ, ಹೊಲಿಗೆ ತೆಗೆದುಕೊಂಡು ಬಾ ಎಂದೆ. ಕ್ಷಮಿಸಿದ್ದೇನೆಂದು ಅರ್ಥವಲ್ಲ. ಮಾದೇವಿಯ ಹತ್ತಿರ ಯಾರಾದರೂ ಇರಬೇಕು.

೨೪ ಆಗಸ್ಟ್, ಶನಿವಾರ

ಶಿಗ್ಗಾವಿಗೆ ಹೋಗಿ ಬಂದೆವು. ಮಾದೇವಿಯೇ ಹೇಳಿದ್ದು. ಊರ ಹೆಸರು ಹೇಳಲು ಮೂರು ದಿನ ತೆಗೆದುಕೊಂಡಳು, ಮೊದಲ ದಿನ 'ಶಿ' ಎಂದಾಗಲೇ ನನಗೆ ತಿಳಿದಿತ್ತು.

ಮೇಡಂ ನನ್ನನ್ನು ನೋಡಿ ಗೋಡೆಯ ಹತ್ತಿರದ ಕುರ್ಚಿ ತೋರಿಸಿದರು. "ಸರ್, ಅಲ್ಲಿ ಕೂತ್ಗೊಳ್ರಿ. ಅವರ ಹೇಳ್ಲಿ." ಕೂತೆ. ಕಾರ್ಡು ತೋರಿಸುತ್ತ ಹೋದರು. ಮಾದೇವಿ ಕೊಡ ಎಂದಳು, ದಾರ ಎಂದಳು. ಬಾಗಿಲಿಗೆ ಕಿಟಕಿ ಎಂದಳು. ಬಾಳೆಹಣ್ಣು ಬರಲಿಲ್ಲ. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಗೋಡೆಯ ಮೇಲಿನ ಗಡಿಯಾರ ನೋಡುತ್ತ ಕೂತೆ. ಬರಲೇ ಇಲ್ಲ, ಮೇಡಂ ಮುಂದಿನ ಕಾರ್ಡು ತೆಗೆದರು. ಒಂದೊಂದಕ್ಕೂ ಹಾಳೆಯಲ್ಲಿ ಸರಿ, ತಪ್ಪು ಗುರುತು ಹಾಕುತ್ತಿದ್ದರು.

ಕೊನೆಗೆ ನನ್ನ ಕಡೆ ಕೈ ತೋರಿಸಿ, "ಇವರು ನಿಮಗ ಏನಾಗಬೇಕ್ರಿ?" ಎಂದು ಕೇಳಿದರು.

ಮಾದೇವಿ ನನ್ನನ್ನು ನೋಡಿದಳು. ಒಂದೇ ಸಮನೆ ಇಷ್ಟು ಹೊತ್ತು ಅವಳು ಹಿಂದೆಂದಾದರೂ ನನ್ನನ್ನು ನೋಡಿದ್ದಳೋ ಇಲ್ಲವೋ. ಎರಡು ನಿಮಿಷ ದಾಟಿತು.

"ಮಾ..."

ಮೇಡಂ ಕಾದರು.

"ಮಾ... ಮಾಸ್ತರ."

ಮೇಡಂ ಸಣ್ಣಗೆ ನಕ್ಕು ತಪ್ಪು ಗುರುತು ಹಾಕಿದರು. "ಯಜಮಾನ್ರು, ಅಲ್ಲೇನ್ರಿ? ಇರ್ಲಿ. ಹತ್ತಿರದ ಶಬ್ದ ಬಂದೇತಿ, ನಿಧಾನಕ್ಕ ಆಗ್ತೈತಿ."

"ಮೇಡಂ," ಎಂದೆ ನಾನು, "ಅದು ತಪ್ಪಲ್ರಿ. ಸರಿ ಅಂತ ಬರ್ಕೋರಿ."

ಅವರು ಪೆನ್ನು ಹಿಡಿದು ನನ್ನನ್ನೂ ಅವಳನ್ನೂ ನೋಡಿದರು. ಆಮೇಲೆ ಗುರುತು ತಿದ್ದಿದರು.

ಇನ್ನೂ ಸಿಟ್ಟಿದೆ. ಬರೆದಿಡುತ್ತೇನೆ, ಯಾಕೆಂದರೆ ನಿಜ. ಮೇ ತಿಂಗಳಿಂದ ಜುಲೈವರೆಗೆ ಮೂವರು ಸೇರಿ ನನ್ನ ಮನೆಯಲ್ಲೇ ನನ್ನನ್ನು ಹೊರಗಿಟ್ಟರು. ಅದು ಹೋಗುವಂಥದ್ದಲ್ಲ.

ವಾಪಸು ಬರುವಾಗ ಬಂಕಾಪುರದಲ್ಲಿ ಬಸ್ಸು ತುಂಬ ಹೊತ್ತು ನಿಂತಿತು. ಆಗ ಮಾದೇವಿ ನನ್ನ ತೋಳು ಮುಟ್ಟಿ ಏನೋ ಹೇಳಲು ಶುರು ಮಾಡಿದಳು. ಬಸ್ಸು ಹೊರಟಿತು, ಸಪ್ಪಳದಲ್ಲಿ ಕೇಳದಾಯಿತು. ನಮ್ಮೂರು ಹಾನಗಲ್ಲ ಬಂದರೂ ಮುಗಿದಿರಲಿಲ್ಲ. ಮನೆಗೆ ಹೋದ ಮೇಲೆ ಹೇಳು ಎಂದರೆ ಎಲ್ಲಿ ಕಳೆದುಹೋಗುತ್ತದೋ ಎಂದು ನಿಲ್ದಾಣದ ಬೆಂಚಿನ ಮೇಲೆ ಕೂರಿಸಿದೆ, ಪಕ್ಕದಲ್ಲಿ ಕೂತೆ.

ಮೊದಲ ಶಬ್ದ 'ನೀವು' ಎಂದು ತಿಳಿಯಿತು. ಎರಡನೆಯದು ಬರಬೇಕಿತ್ತು. ಆಟೊದವನು ಎರಡು ಸಲ ಬಂದು ಕೇಳಿದ. ಎರಡು ಸಲವೂ ಕೈ ಮಾಡಿ ಕಳಿಸಿದೆ.